ಹೊಂಡದ ನೀರಿಗೆ ಕಸಿ ಪೊರೆ: ಗಾಳಿ ಬಂದರೆ ನಿಂತೀತೇ?

ಕೃಷಿ ಹೊಂಡ ತೋಡಿಸಿದವರೆಲ್ಲ ಅದು ತುಂಬಿದ ದಿನದ ಸುದ್ದಿ ಹೇಳುತ್ತಾರೆ. ಹಾರಿ ಹೋದ ನೀರಿನ ಲೆಕ್ಕ ಇಟ್ಟವರು ಕಡಿಮೆ. ಮೊದಲು ಆ ಲೆಕ್ಕವನ್ನೇ ಹಾಕೋಣ.

21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಹೊಂಡ ಅಂತ ಇಟ್ಟುಕೊಳ್ಳಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ನಮ್ಮ ಒಣಬೇಸಾಯದ ಊರುಗಳಲ್ಲಿ ಇಂಥ ಹೊಂಡ ಬೇಕಾದಷ್ಟು ಆಗಿವೆ. ಬದಿಗೆ ಒಂದಕ್ಕೊಂದು ಇಳಿಜಾರು ಕೊಟ್ಟಿದ್ದರೆ ಇದರಲ್ಲಿ ಸುಮಾರು 9 ಲಕ್ಷ 80 ಸಾವಿರ ಲೀಟರ್ ನೀರು ಹಿಡಿಯುತ್ತದೆ. ಮೇಲಿನ ಮುಖ 441 ಚದರ ಮೀಟರ್. ಒಂದು ಚದರ ಮೀಟರಿನಲ್ಲಿ ಒಂದು ಮಿಲಿಮೀಟರ್ ನೀರು ಇಳಿದರೆ ಅದು ಒಂದು ಲೀಟರ್. ಹಿಂಗಾರಿ ದಿನಗಳಲ್ಲಿ ನಮ್ಮ ಕಡೆ ದಿನಕ್ಕೆ ಸುಮಾರು 4-5 ಮಿಲಿಮೀಟರ್ ನೀರು ಆವಿಯಾಗುತ್ತದೆ. 5 ಅಂತ ಹಿಡಿದರೆ ದಿನಕ್ಕೆ 2,200 ಲೀಟರ್ ಆಯಿತು. ನೀರು ಇಳಿದಂತೆ ಮುಖ ಕಿರಿದಾಗುತ್ತದೆ, ಅದನ್ನು ಕಳೆದರೂ ಎರಡು ತಿಂಗಳಿಗೆ ಒಂದೂಕಾಲು ಲಕ್ಷ ಲೀಟರಿಗೆ ಮೋಸವಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ದಿನಕ್ಕೆ 8-10 ಮಿಲಿಮೀಟರ್ ಹೋಗುತ್ತದೆ. ಆಗಿನ ಮಾತು ಬೇರೆಯೇ.

ಒಂದು ಎಕರೆಗೆ ಒಂದು ಇಂಚು ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರ್ ಬೇಕು. ಅಂದರೆ ಎರಡು ತಿಂಗಳಲ್ಲಿ ಸುಮ್ಮನೆ ಆಕಾಶಕ್ಕೆ ಹೋದದ್ದು ಒಂದು ಎಕರೆ ಕಡಲೆಗೆ ತುಂತುರಿನಲ್ಲಿ ಕೊಡುವ ಒಂದು ನೀರು. ಬಿಳಿಜೋಳ ಹೊಡೆ ತುಂಬುವಾಗ, ಕಡಲೆ ಕಾಯಿ ಕಟ್ಟುವಾಗ ಆ ಒಂದು ನೀರಿನ ಬೆಲೆ ಏನು ಅನ್ನುವುದನ್ನು ಎರೆಭೂಮಿಯವರಿಗೆ ನಾನು ಹೇಳಬೇಕಾಗಿಲ್ಲ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿ ಇಂಗುವುದನ್ನು ನಿಲ್ಲಿಸಿದ್ದೇವೆ. ಮೇಲಿನ ಬಾಗಿಲು ಮಾತ್ರ ಪೂರ್ತಿ ತೆರೆದಿದೆ.

ಈ ಬಾಗಿಲು ಮುಚ್ಚುವ ಔಷಧ ಇದೆ ಅಂತ ಹೋದ ವರ್ಷ ಒಬ್ಬ ಮಾರಾಟಗಾರ ನಮ್ಮ ಊರ ಕಡೆ ಬಂದಿದ್ದ. “ಇದು ಜೈವಿಕ ಪಾಲಿಮರ್. ನೀರಿನ ಮೇಲೆ ಸುರಿದರ ಕಣ್ಣಿಗೆ ಕಾಣದ ಹೊದಿಕೆ ಆಗ್ತದ. ಒಮ್ಮೆ ಹಾಕಿದರ ಇಡೀ ಬೇಸಿಗಿ ನೋಡೂದ ಬ್ಯಾಡ” ಅಂದ. ಕ್ಯಾನಿನ ಮೇಲೆ ಒಳಗೇನಿದೆ ಅಂತ ಬರೆದಿರಲಿಲ್ಲ. ಎಷ್ಟು ದಿನ ಇರುತ್ತದೆ, ಗಾಳಿಗೆ ಏನಾಗುತ್ತದೆ, ಎತ್ತು ಕುಡಿದರೆ ಹೇಗೆ ಅಂತ ಕೇಳಿದೆ. ಮೂರಕ್ಕೂ “ಏನೂ ಆಗೂದಿಲ್ರಿ” ಅನ್ನುವ ಒಂದೇ ಉತ್ತರ. ನಾನು ಕೊಳ್ಳಲಿಲ್ಲ. ಆದರೆ ವಿಷಯ ತಲೆಯಿಂದ ಹೋಗಲಿಲ್ಲ. ಆತ ಹೇಳಿದ್ದರಲ್ಲಿ ನಿಜ ಎಷ್ಟು?

ನನ್ನ ಸೋದರಳಿಯ ಕಾಲೇಜಿನಲ್ಲಿ ರಸಾಯನ ಶಾಸ್ತ್ರ ಕಲಿಸುತ್ತಾನೆ. ಅವನನ್ನು ನಾಲ್ಕಾರು ಭಾನುವಾರ ಕೂರಿಸಿಕೊಂಡು ಕೇಳಿದೆ. ಏಳನೇ ಇಯತ್ತೆ ಓದಿದ ನನಗೆ ತಿಳಿಯುವ ಹಾಗೆ ಅವನು ಹೇಳಿದ್ದನ್ನು ನಮ್ಮ ಹೊಂಡದ ಲೆಕ್ಕಕ್ಕೆ ಹೊಂದಿಸಿ ಇಲ್ಲಿ ಬರೆದಿದ್ದೇನೆ.

ಒಂದು ಚಮಚೆ ಎಣ್ಣೆ, ಅರ್ಧ ಎಕರೆ ನೀರು

ನೀರಿನ ಮೇಲಿನ ತೆಳು ಪೊರೆಯ ಕತೆ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನಲ್ಲಿದ್ದಾಗ ಕ್ಲಾಪ್‌ಹ್ಯಾಮ್ ಅನ್ನುವಲ್ಲಿಯ ಒಂದು ಕೊಳಕ್ಕೆ ಒಂದು ಚಮಚೆಯಷ್ಟು ಎಣ್ಣೆ ಹಾಕಿದ. ಗಾಳಿಗೆ ಎದ್ದಿದ್ದ ಸಣ್ಣ ಅಲೆಗಳು ಸುಮಾರು ಅರ್ಧ ಎಕರೆಯಷ್ಟು ಜಾಗದಲ್ಲಿ ಅಡಗಿ ಹೋದವು. ಇದನ್ನು 1774ರಲ್ಲಿ ಅಚ್ಚು ಮಾಡಿಸಿದ. ಐದು ಮಿಲಿಲೀಟರ್ ಎಣ್ಣೆಯನ್ನು ಅರ್ಧ ಎಕರೆಗೆ ಹಂಚಿ ನೋಡಿ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಮೂರು ಪಾಲಿನ ದಪ್ಪ ಬರುತ್ತದೆ. ಇದಕ್ಕಿಂತ ತೆಳ್ಳಗೆ ಹರಡಲು ಸಾಧ್ಯವೇ ಇಲ್ಲ. ಯಾಕೆಂದರೆ ಒಂದು ಅಣುವಿನ ಎತ್ತರವೇ ಅಷ್ಟು.

ಇದನ್ನು ಮನೆಯಲ್ಲೇ ನೋಡಬಹುದು. ಅಗಲವಾದ ಪರಾತದಲ್ಲಿ ನೀರು ತುಂಬಿ, ಅದು ನಿಶ್ಚಲವಾದ ಮೇಲೆ ಮೈಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಕಡ್ಡಿಯ ತುದಿಯನ್ನು ಎಣ್ಣೆಗೆ ಅದ್ದಿ ನೀರಿನ ನಡುವೆ ಮುಟ್ಟಿಸಿ. ಪೌಡರು ಯಾರೋ ನೂಕಿದ ಹಾಗೆ ಅಂಚಿಗೆ ಓಡುತ್ತದೆ. ನೂಕಿದ್ದು ಪೊರೆ. ಪರಾತದ ಪ್ರಯೋಗ ಅಂತ ನಗಬೇಡಿ. ಈ ವಿದ್ಯೆ ಮುಂದೆ ಬಂದದ್ದು ಅಡುಗೆಮನೆಯಿಂದಲೇ.

ಜರ್ಮನಿಯಲ್ಲಿ ಆಗ್ನೆಸ್ ಪಾಕೆಲ್ಸ್ ಅನ್ನುವ ಹೆಣ್ಣುಮಗಳು ಇದ್ದಳು. ಆ ಕಾಲದಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಮನೆಗೆಲಸ ನೋಡಿಕೊಂಡು ಪಾತ್ರೆ ತೊಳೆಯುವ ನೀರಿನ ಜಿಡ್ಡನ್ನು ಗಮನಿಸುತ್ತಿದ್ದವಳು, ತಗಡಿನ ಒಂದು ತೊಟ್ಟಿ ಮಾಡಿಕೊಂಡಳು. ನೀರಿನ ಮೇಲೆ ಅಡ್ಡವಾಗಿ ಒಂದು ಪಟ್ಟಿ ಇಟ್ಟು ಅದನ್ನು ಹಿಂದೆ ಮುಂದೆ ಸರಿಸಿ ಜಿಡ್ಡಿನ ಪೊರೆಯನ್ನು ಒತ್ತಿ, ಹಿಗ್ಗಿಸಿ ನೋಡಿದಳು. 1891ರ ಜನವರಿಯಲ್ಲಿ ಇಂಗ್ಲೆಂಡಿನ ವಿಜ್ಞಾನಿ ಲಾರ್ಡ್ ರೇಲೀಗೆ ಪತ್ರ ಬರೆದಳು. ಅವರು ಅದನ್ನು ‘ನೇಚರ್’ ಪತ್ರಿಕೆಗೆ ಕಳಿಸಿ ಅದೇ ವರ್ಷ ಅಚ್ಚು ಮಾಡಿಸಿದರು. ಇವತ್ತಿಗೂ ಪ್ರಯೋಗಾಲಯಗಳಲ್ಲಿ ನೀರಿನ ಮೇಲಿನ ಪೊರೆಯನ್ನು ಅಳೆಯುವುದು ಆ ತೊಟ್ಟಿಯ ಸುಧಾರಿಸಿದ ರೂಪದಲ್ಲಿಯೇ.

ಎಲ್ಲ ಎಣ್ಣೆಯೂ ಆವಿ ತಡೆಯುವುದಿಲ್ಲ

1917ರಲ್ಲಿ ಅಮೆರಿಕದ ಲ್ಯಾಂಗ್‌ಮ್ಯೂರ್ ಈ ಪೊರೆಯ ಒಳಗುಟ್ಟು ಬಿಡಿಸಿದ. ಪೊರೆ ಕಟ್ಟುವ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ನೀರು ಬೇಡ. ಹೀಗಾಗಿ ತಲೆಯನ್ನು ನೀರಿಗೆ ಊರಿ, ಬಾಲವನ್ನು ಗಾಳಿಗೆ ಎತ್ತಿ ನಿಲ್ಲುತ್ತದೆ. ಒತ್ತಾಗಿ ಬಿತ್ತಿದ ಸಜ್ಜೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು ನೆಟ್ಟಗೆ ನಿಂತರೆ ನಡುವೆ ನೀರಿನ ಆವಿ ನುಸುಳಲು ಸಂದು ಸಿಗುವುದಿಲ್ಲ. ಇಂಥ ಪೊರೆ ಆವಿಯನ್ನು ತಡೆಯುತ್ತದೆ ಅಂತ 1925ರಲ್ಲಿ ಇಂಗ್ಲೆಂಡಿನ ರೈಡೀಲ್ ಅಳೆದು ತೋರಿಸಿದ.

ಈ ಕೆಲಸಕ್ಕೆ ಹೆಚ್ಚು ಬಳಸಿದ್ದು ಸಿಟೈಲ್ ಆಲ್ಕೋಹಾಲ್ ಮತ್ತು ಸ್ಟಿಯರೈಲ್ ಆಲ್ಕೋಹಾಲ್. ಹೆಸರು ಕೇಳಿ ಕುಡಿಯುವ ಪದಾರ್ಥ ಅಂದುಕೊಳ್ಳಬೇಡಿ. ಮೇಣದಂಥ ಬಿಳಿ ವಸ್ತು, ಮುಖದ ಕ್ರೀಮಿನಲ್ಲಿ ಹಾಕುತ್ತಾರೆ. ಇದರ ಬಾಲ ಕೋಲಿನ ಹಾಗೆ ನೆಟ್ಟಗಿದೆ. ಲೆಕ್ಕ ಹಾಕಿದರೆ ಒಂದು ಎಕರೆ ನೀರಿಗೆ ಒಂದು ಪದರ ಹಾಸಲು ಬರೀ 8 ಗ್ರಾಂ ಸಾಕು. ನಮ್ಮ 21 ಮೀಟರ್ ಹೊಂಡಕ್ಕೆ ಒಂದು ಗ್ರಾಂ ಕೂಡ ಬೇಡ!

ಹಾಗಾದರೆ ಶೇಂಗಾ ಎಣ್ಣೆ, ಕುಸುಬಿ ಎಣ್ಣೆಯನ್ನೇ ಒಂದು ಚಮಚೆ ಹಾಕಿದರಾಯಿತಲ್ಲ ಅಂತ ನಾನೂ ಕೇಳಿದೆ. ಆಗುವುದಿಲ್ಲ. ಅಡುಗೆ ಎಣ್ಣೆಯ ಅಣುವಿನ ಬಾಲಗಳು ನಡುವೆ ಮುರಿದ ಕಡ್ಡಿಯಂತೆ ಬಾಗಿವೆ. ಬಾಗಿದ ಕಡ್ಡಿಗಳ ಹೊರೆ ಕಟ್ಟಿದರೆ ಸಂದು ಉಳಿಯುತ್ತದೆ. ಪೊರೆ ಹರಡುತ್ತದೆ, ಅಲೆ ಅಡಗುತ್ತದೆ, ಆದರೆ ಆವಿ ಹೋಗುತ್ತಲೇ ಇರುತ್ತದೆ. ಸುಟ್ಟ ಇಂಜಿನ್ ಆಯಿಲ್ ಸುರಿಯುವ ವಿಚಾರವಂತೂ ಬೇಡವೇ ಬೇಡ. ಮೀನು ಸಾಯುತ್ತದೆ, ದನ ಕುಡಿಯುವಂತಿಲ್ಲ, ಹನಿ ಪೈಪಿನ ಬಾಯಿ ಕಟ್ಟುತ್ತದೆ.

ದೊಡ್ಡ ನೀರಿನಲ್ಲಿ ಏನಾಯಿತು?

ಪ್ರಯೋಗಾಲಯದ ತೊಟ್ಟಿಯಲ್ಲಿ ಈ ಪೊರೆ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಆವಿಯನ್ನು ತಡೆದಿದೆ. ಹೊರಗೆ ಬಂದಾಗ ಕತೆ ಬೇರೆ. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಮ್ಯಾನ್ಸ್‌ಫೀಲ್ಡ್ ಅಲ್ಲಿಯ ಜಲಾಶಯಗಳಲ್ಲಿ ಇದನ್ನು ಪ್ರಯತ್ನಿಸಿದ. 1958ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಹೆಫ್ನರ್ ಅನ್ನುವ ಸುಮಾರು 2,500 ಎಕರೆ ಕೆರೆಯ ಮೇಲೆ 86 ದಿನ ದೊಡ್ಡ ಪ್ರಯೋಗ ನಡೆಯಿತು. ಉಳಿದದ್ದು ಸುಮಾರು ಶೇಕಡಾ 9 ಮಾತ್ರ.

ಯಾಕೆ ಹೀಗಾಯಿತು? ಮೂರು ಕಾರಣ.

ಮೊದಲನೆಯದು ಗಾಳಿ. ನೀರಿನ ಮೇಲಿನ ಪೊರೆ ಗಾಳಿಯ ವೇಗದ ನೂರರಲ್ಲಿ ಸುಮಾರು ಮೂರು ಪಾಲಿನ ವೇಗದಲ್ಲಿ ಸರಿಯುತ್ತದೆ. ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಪೊರೆ ನಿಮಿಷಕ್ಕೆ 10 ಮೀಟರ್ ನಡೆಯಿತು ಅಂತಾಯಿತು. ನಮ್ಮ 21 ಮೀಟರ್ ಹೊಂಡವನ್ನು ಈ ದಂಡೆಯಿಂದ ಆ ದಂಡೆಗೆ ದಾಟಲು ಎರಡೇ ನಿಮಿಷ! ಅಲ್ಲಿ ದಂಡೆಗೆ ಅಂಟಿ ಒಣಗುತ್ತದೆ, ಇಲ್ಲಿ ನೀರು ಮತ್ತೆ ಬತ್ತಲೆ. ಗಾಳಿ ಇನ್ನೂ ಜೋರಾದರೆ ಅಲೆಗಳೇ ಪೊರೆಯನ್ನು ಹರಿದು ಹಾಕುತ್ತವೆ.

ಎರಡನೆಯದು ನೀರಿನ ಸೂಕ್ಷ್ಮಜೀವಿಗಳು. ಮೇಣದಂಥ ಈ ವಸ್ತು ಅವುಗಳಿಗೆ ಊಟ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ಹಾಕಬೇಕು. ಎಕರೆಗೆ 8 ಗ್ರಾಂ ಅನ್ನುವ ಲೆಕ್ಕ ಕಾಗದದಲ್ಲಿ ಉಳಿದು, ಕೆರೆಗೆ ಅದರ ಹತ್ತಾರು ಪಟ್ಟು ಸುರಿಯಬೇಕಾಗುತ್ತದೆ.

ಮೂರನೆಯದು ಬಿಸಿ. ಬೆವರು ಆರಿದರೆ ಮೈ ತಂಪಾಗುವಂತೆ ಆವಿಯಾದರೆ ನೀರು ತಂಪಾಗುತ್ತದೆ. ಆವಿ ತಡೆದರೆ ನೀರು ಸ್ವಲ್ಪ ಬಿಸಿಯಾಗುತ್ತದೆ. ಬಿಸಿಯಾದ ನೀರು ಸಂದು ಸಿಕ್ಕ ಕೂಡಲೇ ಹೆಚ್ಚು ಆವಿಯಾಗುತ್ತದೆ. ಉಳಿಸಿದ್ದರಲ್ಲಿ ಒಂದು ಪಾಲು ಹೀಗೆ ಕೈಬಿಡುತ್ತದೆ.

ಶೇಕಡಾ 9ರ ಲೆಕ್ಕವನ್ನೇ ನಮ್ಮ ಹೊಂಡಕ್ಕೆ ಹಾಕಿದರೆ ಎರಡು ತಿಂಗಳಲ್ಲಿ ಉಳಿಯುವುದು 11 ಸಾವಿರ ಲೀಟರ್ ಚಿಲ್ಲರೆ. ಎರಡು ಮೂರು ಟ್ಯಾಂಕರ್ ನೀರು. ಶೇಕಡಾ 30 ಉಳಿಸುವಂತಾದರೆ 38 ಸಾವಿರ ಲೀಟರ್. ಈ ಎರಡು ಅಂಕಿಗಳ ನಡುವಿನ ಅಂತರ ತುಂಬಲಿಕ್ಕೇ ಈಗ ಕಸಿ ಪಾಲಿಮರಿನ ಮಾತು ಬಂದಿರುವುದು.

ಕಸಿ ನಮಗೆ ಗೊತ್ತಿಲ್ಲದ್ದೇನಲ್ಲ

“ಮಾವಾ, ಮಾವಿಗೆ ಕಸಿ ಕಟ್ಟೂದು ನಿಮಗ ಗೊತ್ತೈತಿ. ಇದೂ ಅದೇ. ಬ್ಯಾರೆ ಬ್ಯಾರೆ ಗುಣದ ಎರಡು ಕೂಡಿಸೂದು” ಅಂದ ಅಳಿಯ.

ಪಾಲಿಮರ್ ಅಂದರೆ ಮಣಿ ಪೋಣಿಸಿದ ಉದ್ದನೆಯ ಸರ. ಹತ್ತಿಯ ಎಳೆ, ಜೋಳದ ಹಿಟ್ಟಿನ ಪಿಷ್ಟ, ಹೊಂಡದ ತಳದ ಪ್ಲಾಸ್ಟಿಕ್ ಹಾಳೆ ಎಲ್ಲ ಇಂಥ ಸರಗಳೇ. ಒಂದು ಸರವನ್ನು ಕಾಂಡ ಮಾಡಿಕೊಂಡು ಅದರ ಮೈಮೇಲೆ ಅಲ್ಲಲ್ಲಿ ಇನ್ನೊಂದು ಜಾತಿಯ ಸರಗಳನ್ನು ಕೊಂಬೆಗಳ ಹಾಗೆ ಕೂರಿಸಿದರೆ ಅದು ಕಸಿ ಪಾಲಿಮರ್. ಕಾಂಡಕ್ಕೆ ನೀರು ಬೇಕು, ಕೊಂಬೆಗೆ ನೀರು ಬೇಡ, ಹೀಗೆ ಜೋಡಿ ಮಾಡುತ್ತಾರೆ.

ಒಂದು ಉದಾಹರಣೆ ಡೆಕ್ಸ್‌ಟ್ರಾನ್. ಕಡಿದ ಕಬ್ಬು ನಾಲ್ಕು ದಿನ ಹಾಗೇ ಬಿದ್ದರೆ ರಸ ಲೋಳೆಯಾಗುತ್ತದಲ್ಲ, ಸಕ್ಕರೆ ಕಾರ್ಖಾನೆಯವರು ತಕರಾರು ತೆಗೆಯುತ್ತಾರಲ್ಲ, ಆ ಲೋಳೆಯೇ ಡೆಕ್ಸ್‌ಟ್ರಾನ್. ಸಕ್ಕರೆಯಿಂದ ಬ್ಯಾಕ್ಟೀರಿಯಾ ಕಟ್ಟುವ ಸರ ಇದು. ನೀರು ಅಂದರೆ ಇದಕ್ಕೆ ಪ್ರಾಣ. ಇದರ ಮೈಮೇಲೆ ಪಾಲಿಕ್ಯಾಪ್ರೊಲ್ಯಾಕ್ಟೋನ್ ಅಥವಾ ಪಾಲಿಲ್ಯಾಕ್ಟಿಕ್ ಆಸಿಡ್ ಕೊಂಬೆಗಳನ್ನು ಕಸಿ ಕಟ್ಟಿದ್ದಾರೆ. ಎರಡನೆಯದನ್ನು ಗೋವಿನಜೋಳದ ಸಕ್ಕರೆಯನ್ನು ಹುಳಿ ಬರಿಸಿ ತಯಾರಿಸುತ್ತಾರೆ. ಎರಡಕ್ಕೂ ನೀರು ಅಷ್ಟಕ್ಕಷ್ಟೆ. ಎರಡೂ ಕಾಲಕ್ರಮದಲ್ಲಿ ಕೊಳೆಯುವಂಥವು.

ಈ ಕಸಿ ಪಾಲಿಮರನ್ನು ನೀರಿನ ಮೇಲೆ ಬಿಟ್ಟರೆ ಏನಾಗುತ್ತದೆ? ಜಾಗ ಧಾರಾಳ ಇದ್ದಾಗ ಕಾಂಡ, ಕೊಂಬೆ ಎರಡೂ ನೀರಿನ ಮುಖದ ಮೇಲೆ ಬಳ್ಳಿ ಹಬ್ಬಿದಂತೆ ಚಪ್ಪಟೆ ಮಲಗುತ್ತವೆ. ಪಟ್ಟಿ ಸರಿಸಿ ಒತ್ತುತ್ತ ಬಂದರೆ ಮೊದಲು ನೀರು ಬೇಕಾದ ಕಾಂಡ ಬೇರಿನ ಹಾಗೆ ಕೆಳಗೆ ಇಳಿಯುತ್ತದೆ, ಕೊಂಬೆಗಳು ಮೇಲೆ ಉಳಿದು ಒತ್ತೊತ್ತಾಗುತ್ತವೆ. ತೆಳುವಾಗಿ ಬಿತ್ತಿದ ಬೆಳೆ ಹರಡಿಕೊಳ್ಳುವುದು, ಒತ್ತಾಗಿ ಬಿತ್ತಿದ್ದು ಮೇಲಕ್ಕೇಳುವುದು ನಮಗೆ ಹೊಸದಲ್ಲ. ಕೊಂಬೆ ಎಷ್ಟು ಉದ್ದ, ಎಷ್ಟು ಒತ್ತಾಗಿ ಕಸಿ ಕಟ್ಟಿದ್ದಾರೆ ಅನ್ನುವುದರ ಮೇಲೆ ಪೊರೆ ಮೆದುವೋ ಬಿರುಸೋ ಅನ್ನುವುದು ನಿರ್ಧಾರವಾಗುತ್ತದೆ. ಕಸಿ ಕಟ್ಟದ ಬರೀ ಪಾಲಿಕ್ಯಾಪ್ರೊಲ್ಯಾಕ್ಟೋನ್ ಪೊರೆಯನ್ನು ಒತ್ತಿದರೆ ಅದು ನೀರಿನ ಮೇಲೆಯೇ ಹರಳುಗಟ್ಟುತ್ತದೆ, ಸಡಿಲ ಬಿಟ್ಟರೆ ಹರಳು ಬಿಚ್ಚಿ ಮತ್ತೆ ಹರಡುತ್ತದೆ. ಹೊಂಡಕ್ಕೆ ಇದು ಮುಖ್ಯ. ಅಲೆಯೊಂದು ಬಂದು ಹೋದಾಗ ಪೊರೆ ಒಮ್ಮೆ ಒತ್ತಿ ಒಮ್ಮೆ ಹಿಗ್ಗುತ್ತದೆ. ಮತ್ತೆ ತಾನೇ ಹರಡಿಕೊಳ್ಳುವ ಪೊರೆ ಬೇಕು, ಒಡೆದು ಗರಣೆಯಾಗಿ ಉಳಿಯುವುದಲ್ಲ.

ಈ ಅಭ್ಯಾಸ ಬಹುಮಟ್ಟಿಗೆ ನಡೆದಿರುವುದು ಔಷಧವನ್ನು ಮೈಯೊಳಗೆ ಒಯ್ಯುವ ಸಣ್ಣ ಕಣಗಳ ಸಲುವಾಗಿ, ಹೊಂಡದ ಸಲುವಾಗಿ ಅಲ್ಲ. ಮಾರಾಟಗಾರ “ಜೈವಿಕ ಪಾಲಿಮರ್” ಅಂದ ಕೂಡಲೇ ಅದು ಹೊಂಡಕ್ಕೆ ಪರೀಕ್ಷೆಯಾಗಿದೆ ಅಂತ ತಿಳಿಯಬಾರದು. ಪಾಲಿಮರ್ ಪೊರೆ ಒಂದೇ ಆವಿಯನ್ನು ಚೆನ್ನಾಗಿ ತಡೆಯುವುದೂ ಇಲ್ಲ. ಅದರ ಸರಗಳು ಮಲಗಿಕೊಂಡಿರುತ್ತವೆ, ಸಂದು ಇರುತ್ತದೆ. ಆವಿ ತಡೆಯುವವು ನೆಟ್ಟಗೆ ನಿಂತ ಮೇಣದ ಬಾಲಗಳೇ. ಪಾಲಿಮರಿನ ಕೆಲಸ ಅವನ್ನು ಗಾಳಿಗೆ ಚದುರದ ಹಾಗೆ ಹಿಡಿದಿಡುವುದು. ಬೆಳೆ ಒಂದು, ಬೇಲಿ ಇನ್ನೊಂದು.

ಈ ದಾರಿಯಲ್ಲಿ ನಮ್ಮವರೂ ಕೆಲಸ ಮಾಡಿದ್ದಾರೆ. 1960ರ ದಶಕದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಮೇಣದ ಆಲ್ಕೋಹಾಲಿನ ತಲೆಗೆ ನೀರು ಬೇಕಾದ ಒಂದು ತುಂಡು ಸೇರಿಸಿ ಆಲ್ಕಾಕ್ಸಿ ಎಥನಾಲ್ ಅನ್ನುವ ವಸ್ತುಗಳನ್ನು ಆವಿ ತಡೆಗೆಂದೇ ತಯಾರಿಸಿದರು. 2012ರ ಸುಮಾರಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಪಾಲಿಮರ್ ತಜ್ಞರು ಅದೇ ಜಾತಿಯ ವಸ್ತುವಿನ ಜೊತೆಗೆ ನೀರಿನಲ್ಲಿ ಕರಗುವ ಪಾಲಿಮರ್ ಸೇರಿಸಿ, ಪೊರೆ ಗಾಳಿಗೆ ಹೆಚ್ಚು ತಡೆಯುವಂತೆ ಮಾಡಿದರು. ಅವರು ಬಳಸಿದ ಪಾಲಿಮರ್ ಬೇಗ ಕೊಳೆಯುವಂಥದ್ದಲ್ಲ. ಅದೇ ಕೆಲಸವನ್ನು ಕೊಳೆಯುವ ಕಸಿ ಪಾಲಿಮರಿನಿಂದ ಮಾಡಿಸಬಹುದೇ ಅನ್ನುವುದೇ ಪ್ರಶ್ನೆ.

ಕೊಳೆಯುವುದು ಗುಣವೂ ಹೌದು, ಕೊರತೆಯೂ ಹೌದು

ಮಲ್ಚಿಂಗ್ ಹಾಳೆಯ ಚೂರು ಹೊಲದ ತುಂಬ ಹಾರಾಡುವುದನ್ನು ನೋಡಿದವರಿಗೆ ಕೊಳೆಯುವ ವಸ್ತುವಿನ ಬೆಲೆ ಗೊತ್ತು. ಹೊಂಡದ ನೀರು ದನ ಕುಡಿಯುತ್ತದೆ, ಬೆಳೆಗೆ ಹೋಗುತ್ತದೆ, ಕೊನೆಗೆ ಮಣ್ಣು ಸೇರುತ್ತದೆ. ಕೊಳೆಯದ ಪಾಲಿಮರನ್ನು ವಾರ ವಾರ ಅದಕ್ಕೆ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಆದರೆ ಕೊಳೆಯುವ ವಸ್ತು ಗಡಿಯಾರ ಕಟ್ಟಿಕೊಂಡೇ ಹುಟ್ಟಿರುತ್ತದೆ. ಪಾಲಿಲ್ಯಾಕ್ಟಿಕ್ ಆಸಿಡ್ಡಿನ ದಪ್ಪ ಹಾಳೆ ಕೊಳೆಯಲು ತಿಂಗಳುಗಳು, ವರ್ಷಗಳು ಬೇಕು. ತಂಪು ಮಣ್ಣಿನಲ್ಲಿ ಅದು ಬೇಗ ಕೊಳೆಯುವುದೇ ಇಲ್ಲ, ಕಾಂಪೋಸ್ಟ್ ರಾಶಿಯ ಕಾವು ಬೇಕು. ಅದೇ ವಸ್ತು ನೀರಿನ ಮೇಲೆ ಒಂದು ಅಣುವಿನ ಪೊರೆಯಾದಾಗ ಸರದ ಪ್ರತಿಯೊಂದು ಗಂಟೂ ನೀರಿಗೆ ತಾಗಿರುತ್ತದೆ. ನೀರು ಕ್ಷಾರವಾಗಿದ್ದರೆ ಗಂಟುಗಳು ಇನ್ನೂ ಬೇಗ ಬಿಚ್ಚುತ್ತವೆ. ಪ್ರಯೋಗಾಲಯದ ತೊಟ್ಟಿಗಳಲ್ಲಿ ನೀರನ್ನು ಕ್ಷಾರ ಮಾಡಿದಾಗ, ಅಥವಾ ಗಂಟು ಬಿಚ್ಚುವ ಕಿಣ್ವ ಬೆರೆಸಿದಾಗ, ಪೊರೆ ಗಂಟೆಗಳಲ್ಲೇ ಸವೆದದ್ದನ್ನು ಅಳೆದಿದ್ದಾರೆ.

ಇಲ್ಲಿಗೆ ನಮ್ಮ ಮಣ್ಣಿನ ಮಾತು ಬರುತ್ತದೆ. ಎರೆಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಮೇಲೆ. ಅದರ ಮೇಲೆ ಹರಿದು ಬಂದ ನೀರೂ ಕ್ಷಾರದ ಕಡೆಗೇ ವಾಲುತ್ತದೆ. ಜೊತೆಗೆ ಕೆಸರು, ಪಾಚಿ, ಕೋಟಿಗಟ್ಟಲೆ ಸೂಕ್ಷ್ಮಜೀವಿ. ಶುದ್ಧ ನೀರಿನಲ್ಲಿ ಬಾಳುವ ಪೊರೆ ನಮ್ಮ ಹೊಂಡದಲ್ಲಿ ಅಷ್ಟೇ ಬಾಳುತ್ತದೆ ಅನ್ನುವಂತಿಲ್ಲ. “ಕೊಳೆಯುತ್ತದೆ” ಮತ್ತು “ಒಮ್ಮೆ ಹಾಕಿದರೆ ಇಡೀ ಬೇಸಿಗೆ” ಅನ್ನುವ ಎರಡು ಮಾತು ಒಂದೇ ಕ್ಯಾನಿನೊಳಗೆ ಇರಲಾರವು. ಒಂದಾದರೂ ಸುಳ್ಳಿರಲೇಬೇಕು.

ಕೊಳ್ಳುವ ಮುಂಚೆ ಕೇಳಿ

ಇಂಥ ಪುಡಿ, ದ್ರವ ಮುಂದೆ ಇನ್ನೂ ಬರುತ್ತವೆ. ಬಂದಾಗ ಕೇಳಬೇಕಾದ ಪ್ರಶ್ನೆಗಳು ಇವು:

1. ಒಳಗಿರುವ ವಸ್ತುವಿನ ಹೆಸರೇನು? ಲೇಬಲ್ಲಿನ ಮೇಲೆ ಬರೆದಿದೆಯೇ?

2. ಎಷ್ಟು ದಿನಕ್ಕೊಮ್ಮೆ ಹಾಕಬೇಕು? ಎರಡು ತಿಂಗಳಿಗೆ ಒಟ್ಟು ಖರ್ಚು ಎಷ್ಟು?

3. ಕೊಳೆಯುತ್ತದೆ ಅಂದರೆ ಎಲ್ಲಿ, ಎಷ್ಟು ದಿನದಲ್ಲಿ? ರಸಸಾರ 8ರ ಮೇಲಿನ ನೀರಿನಲ್ಲಿ ಪರೀಕ್ಷೆ ಮಾಡಿದ್ದಾರೆಯೇ?

4. ಎಷ್ಟು ವೇಗದ ಗಾಳಿಯವರೆಗೆ ನಿಲ್ಲುತ್ತದೆ?

5. ದನ, ಮೀನು, ಹನಿ ನೀರಾವರಿ ಪೈಪಿಗೆ ತೊಂದರೆ ಇಲ್ಲ ಅಂತ ಯಾರು ಬರೆದು ಕೊಟ್ಟಿದ್ದಾರೆ?

6. ಉಳಿತಾಯದ ಅಂಕಿ ತೊಟ್ಟಿಯದೋ, ಬಯಲು ಹೊಂಡದ್ದೋ?

ಬಾಯಿಮಾತಿನ ಉತ್ತರಕ್ಕೆ ದುಡ್ಡು ಬಿಚ್ಚಬೇಡಿ. ಮಾದರಿಗೆ ಸ್ವಲ್ಪ ಕೊಟ್ಟರೆ ನೀವೇ ಪರೀಕ್ಷಿಸಿ. ಒಂದೇ ಅಳತೆಯ ಎರಡು ಡ್ರಮ್ಮುಗಳನ್ನು ಹೊಂಡದ ದಂಡೆಯಲ್ಲಿ ಬಿಸಿಲು, ಗಾಳಿ ಸಮನಾಗಿ ಬೀಳುವಲ್ಲಿ ಇಡಿ. ಹೊಂಡದ ನೀರನ್ನೇ ಅಂಚಿಗೆ ನಾಲ್ಕು ಬೆರಳು ಕಡಿಮೆ ತುಂಬಿ, ನೀರಿನ ಮಟ್ಟಕ್ಕೆ ಒಳಗೆ ಗುರುತು ಮಾಡಿ. ಒಂದಕ್ಕೆ ಮಾತ್ರ ಔಷಧ ಹಾಕಿ. ಹಕ್ಕಿ, ನಾಯಿ ಕುಡಿಯದಂತೆ ಅಗಲ ಕಣ್ಣಿನ ಜಾಳಿಗೆ ಮುಚ್ಚಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಗುರುತಿನವರೆಗೆ ತುಂಬಲು ಎಷ್ಟು ಲೋಟ ನೀರು ಬೇಕಾಯಿತು ಅಂತ ಎರಡಕ್ಕೂ ಬರೆದಿಡಿ. ಪಕ್ಕದಲ್ಲಿ ಗಾಳಿ ಇತ್ತೋ ಇಲ್ಲವೋ ಅಂತಲೂ ಬರೆಯಿರಿ. ಹದಿನೈದು ದಿನದಲ್ಲಿ ಅದರ ಬಣ್ಣ ತಿಳಿಯುತ್ತದೆ. ಒಂದು ಎಚ್ಚರಿಕೆ: ಡ್ರಮ್ಮಿನ ಅಂಚು ಗಾಳಿಗೆ ಮರೆಯಾಗುತ್ತದೆ, ಪೊರೆ ಓಡಿ ಹೋಗಲು ಅಲ್ಲಿ ಜಾಗವಿಲ್ಲ. ಡ್ರಮ್ಮಿನಲ್ಲಿ ಸೋತದ್ದು ಹೊಂಡದಲ್ಲಿ ಖಂಡಿತ ಗೆಲ್ಲುವುದಿಲ್ಲ. ಡ್ರಮ್ಮಿನಲ್ಲಿ ಗೆದ್ದದ್ದು ಹೊಂಡದಲ್ಲಿ ಸೋಲಬಹುದು.

ಹೊಂಡದಲ್ಲಿ ಪೊರೆ ಇದೆಯೋ ಇಲ್ಲವೋ ತಿಳಿಯಲು ಉಪಕರಣ ಬೇಡ. ಸಣ್ಣ ಗಾಳಿ ಇರುವಾಗ ದಂಡೆಯ ಮೇಲೆ ನಿಂತು ನೋಡಿ. ಪೊರೆ ಇದ್ದಲ್ಲಿ ನೀರು ಕನ್ನಡಿಯಂತೆ ನುಣುಪು, ಇಲ್ಲದಲ್ಲಿ ಸಣ್ಣ ಅಲೆಯ ನೆರಿಗೆ.

ಕೈಯಲ್ಲಿರುವ ಉಪಾಯ

ಪೊರೆಗೆ ಮೊದಲ ಶತ್ರು ಗಾಳಿ. ಪೊರೆ ಹಾಕದಿದ್ದರೂ ಆವಿಯನ್ನು ಹೆಚ್ಚು ಮಾಡುವುದು ಅದೇ ಗಾಳಿ. ಹಾಗಾಗಿ ಮೊದಲ ಖರ್ಚು ಗಾಳಿ ತಡೆಗೆ ಮಾಡುವುದು ಜಾಣತನ. ಗಾಳಿತಡೆ ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ನೆಲಕ್ಕೆ ಮರೆ ಕೊಡುತ್ತದೆ ಅನ್ನುವುದು ತಿಳಿದ ಲೆಕ್ಕ. ಎರಡು ಮೀಟರ್ ಎತ್ತರದ ತಟ್ಟಿ 20 ಮೀಟರ್ ಕಾಯುತ್ತದೆ. ನಮ್ಮ ಹೊಂಡದ ಅಗಲವೂ ಹೆಚ್ಚು ಕಡಿಮೆ ಅಷ್ಟೇ! ಹಿಂಗಾರಿಯಲ್ಲಿ ಮೂಡಗಾಳಿ ಬೀಸುವ ದಂಡೆಗೆ ತೊಗರಿ ಕಟ್ಟಿಗೆಯ, ಜೋಳದ ಕಣಿಕೆಯ ತಟ್ಟಿ ಕಟ್ಟಿದರೂ ನಡೆಯುತ್ತದೆ. ಪೂರ್ತಿ ಮುಚ್ಚಿದ ಗೋಡೆಗಿಂತ ಸಂದು ಇರುವ ತಟ್ಟಿ ಒಳ್ಳೆಯದು. ಗೋಡೆಯ ಹಿಂದೆ ಗಾಳಿ ಸುಳಿ ಸುತ್ತುತ್ತದೆ. ಅಗೆದ ಮಣ್ಣನ್ನು ಆ ದಂಡೆಗೇ ಏರಿಸಿದ್ದರೆ ತಟ್ಟಿಯ ಎತ್ತರ ಅಷ್ಟು ಉಳಿಯಿತು. ಗ್ಲಿರಿಸಿಡಿಯಾದಂಥ ಗಿಡ ಹಚ್ಚುವವರು ಹೊಂಡದಿಂದ ದೂರ ಹಚ್ಚಿ. ಬೇರು ಪ್ಲಾಸ್ಟಿಕ್ ಹಾಳೆಗೆ ಬರಬಾರದು.

ಹೊಸದಾಗಿ ತೋಡಿಸುವವರು ಅಗಲಕ್ಕಿಂತ ಆಳಕ್ಕೆ ಒತ್ತು ಕೊಡಿ. ಆವಿಯಾಗುವುದು ಮುಖದಿಂದ, ಹೊಟ್ಟೆಯಿಂದ ಅಲ್ಲ. ಎರಡು ಹೊಂಡ ಇದ್ದು ಎರಡರಲ್ಲೂ ಅರ್ಧರ್ಧ ನೀರು ಉಳಿದಿದ್ದರೆ ಒಂದಕ್ಕೇ ಪಂಪು ಮಾಡಿ ಕೂಡಿಸಿ. ಸಣ್ಣ ಹೊಂಡವಾದರೆ ತಂತಿ ಎಳೆದು ನೆರಳು ಬಲೆ ಹಾಕಬಹುದು, ಅಥವಾ ಅಂಚಿನಲ್ಲಿ ಚಪ್ಪರ ಕಟ್ಟಿ ಹೀರೆ, ಸೋರೆ ಬಳ್ಳಿ ಹಬ್ಬಿಸಬಹುದು.

ಎಲ್ಲಕ್ಕಿಂತ ಅಗ್ಗದ ಉಪಾಯ, ನೀರನ್ನು ಹೊಂಡದಲ್ಲಿ ಕಾಯುತ್ತ ಕೂರದಿರುವುದು. “ಇರಲಿ, ಮುಂದ ಬೇಕಾದೀತು” ಅಂತ ಇಟ್ಟುಕೊಂಡ ನೀರು ದಿನಕ್ಕೆ ಎರಡು ಸಾವಿರ ಲೀಟರ್ ಲೆಕ್ಕದಲ್ಲಿ ಹೋಗುತ್ತಿರುತ್ತದೆ. ಬೆಳೆಗೆ ಬೇಕಾದ ಹಂತ ಬಂದ ಕೂಡಲೇ ಕೊಟ್ಟುಬಿಟ್ಟರೆ ಅದು ಬೇರಿನ ಬುಡದಲ್ಲಿ ಇರುತ್ತದೆ. ಎಡೆ ಹೊಡೆದು ಬಿರುಕು ಮುಚ್ಚಿದ ಎರೆಮಣ್ಣಿಗಿಂತ ಒಳ್ಳೆಯ ಮುಚ್ಚಳ ಇನ್ನೂ ಯಾರೂ ಮಾಡಿಲ್ಲ.

ಹಾಗಂತ ಪೊರೆಯ ವಿದ್ಯೆಯನ್ನು ನಾನು ಅಲ್ಲಗಳೆಯುವುದಿಲ್ಲ. ಎಕರೆಗೆ 8 ಗ್ರಾಂ ವಸ್ತು ಅರ್ಧ ಆವಿ ತಡೆಯಬಲ್ಲದು ಅನ್ನುವುದು ಸಣ್ಣ ಮಾತಲ್ಲ. ಅದನ್ನು ಗಾಳಿಗೆ ಹಿಡಿದಿಡುವ, ಕೆಲಸ ಮುಗಿದ ಮೇಲೆ ಮಣ್ಣಾಗುವ, ಕ್ಷಾರ ನೀರಿನಲ್ಲೂ ಒಂದೆರಡು ವಾರ ಬಾಳುವ ಕಸಿ ಸಿಕ್ಕರೆ ನಮ್ಮ ಹೊಂಡಗಳಿಗೆ ಅದು ಒಂದು ನೀರಿನಷ್ಟೇ ಬೆಲೆಯದು. ಅಂಥ ಪರೀಕ್ಷೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಒಣಬೇಸಾಯ ಕೇಂದ್ರಗಳಲ್ಲಿ, ಎರೆಭೂಮಿಯ ಹೊಂಡದ ನೀರಿನಲ್ಲಿ, ಮೂಡಗಾಳಿಯ ಎದುರಿಗೆ ಆಗಬೇಕು. ಗಾಜಿನ ತೊಟ್ಟಿಯ ಅಂಕಿ ನಮಗೆ ಸಾಲದು.

ಹೊಂಡಕ್ಕೆ ಇಂಥ ಪುಡಿಯನ್ನೋ ದ್ರವವನ್ನೋ ಹಾಕಿ ನೋಡಿದವರು, ಡ್ರಮ್ ಪರೀಕ್ಷೆ ಮಾಡಿದವರು, ಗಾಳಿ ತಡೆ ಕಟ್ಟಿ ನೀರಿನ ಮಟ್ಟ ಅಳೆದವರು ಇದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಉಳಿಯಿತೋ ಇಲ್ಲವೋ ಅನ್ನುವುದರ ಜೊತೆಗೆ ಎಷ್ಟು ದಿನದಲ್ಲಿ ಎಷ್ಟು ಲೋಟ ಅನ್ನುವುದನ್ನೂ ಬರೆಯಿರಿ.